ಎರಡು ಗಂಟೆಯ ಮೇಲಿನ ಗೆರೆ

ಸಾವಿರದ ಒಂಬೈನೂರ ಅರವತ್ತನಾಲ್ಕನೆಯ ಇಸವಿ ಫೆಬ್ರವರಿ ತಿಂಗಳ ಎರಡನೆಯ ಮಂಗಳವಾರ, ದೇಶದ ವಿದ್ಯುಚ್ಛಕ್ತಿಯ ಭವಿಷ್ಯಕ್ಕೆ ಸಂಬಂಧಿಸಿದ ಒಂದು ಗಹನವಾದ ಪ್ರಶ್ನೆ ಹಾಸನದ ಸಬ್‌ಸ್ಟೇಷನ್ನಿನ ಕಂಟ್ರೋಲ್ ರೂಮಿನಲ್ಲಿ ತೀರ್ಮಾನಕ್ಕೆ ಬಂತು. ಪ್ರಶ್ನೆ ಇಷ್ಟೇ: ಬೆಂಗಳೂರಿನಿಂದ ಬರುವ ಯೋಜನಾ ಇಂಜಿನಿಯರ ಎದುರಿಗೆ ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಬಹುದೋ, ತಟ್ಟಕೂಡದೋ. ಸ್ಟೇಷನ್ನಿನ ಮೇಲ್ವಿಚಾರಕ ಪರಮಶಿವಯ್ಯನವರು ಬೆಳಿಗ್ಗೆ ಆರೂವರೆಗೇ, ಹಣೆಯ ವಿಭೂತಿ ಇನ್ನೂ ಒಣಗುವ ಮೊದಲೇ ಬಂದು, ಟೇಬಲ್ಲಿನ ಮೇಲೆ ಎರಡೂ ಕೈ ಊರಿ ತೀರ್ಪು ಕೊಟ್ಟರು. "ಚಲುವಯ್ಯ, ಇವತ್ತೊಂದಿನ ಆ ಕೈಚಟ ಬಿಡಯ್ಯ. ಹಲಸಿನ ಹಣ್ಣು ತಟ್ಟಿ ನೋಡಿದ ಹಾಗೆ ಸರ್ಕಾರದ ಮೀಟರು ತಟ್ಟೋದನ್ನ ಆ ಮನುಷ್ಯ ಕಣ್ಣಾರೆ ನೋಡಿದರೆ ನನ್ನ ಪೆನ್ಷನ್ನಿನ ಗತಿ ಏನಾಗ್ಬೇಕು?" ಪಾಳಿಯ ಆಪರೇಟರ್ ಚಲುವಯ್ಯ "ಆಗ್ಲಿ ಸಾ" ಎಂದ. ಆ ಮಾತು ಬಾಯಿಂದ ಬಿದ್ದ ಕ್ಷಣದಿಂದ ಅವನ ಬಲಗೈ ಅವನದಲ್ಲದ ಹಾಗಾಯಿತು. ಜೇಬಿಗೆ ಇಳಿಸಿದ, ತೆಗೆದ, ಬೆನ್ನ ಹಿಂದೆ ಕಟ್ಟಿದ. ಬೆನ್ನ ಹಿಂದೆ ಕೈ ಕಟ್ಟಿ ನಿಂತಾಗ ತಾನು ಥೇಟು ಮಧ್ಯಾಹ್ನದ ಪಾಳಿಯ ದೇವರಾಜುವಿನ ಹಾಗೆ ನಿಂತಿದ್ದೇನೆ ಅನ್ನಿಸಿ, ಕೆಟ್ಟದ್ದೇನನ್ನೋ ಮುಟ್ಟಿದವನಂತೆ ಥಟ್ಟನೆ ಬಿಚ್ಚಿಕೊಂಡ.

ಗೋಡೆಯಗಲದ ಕಪ್ಪು ಫಲಕದ ನಡುವೆ ಊಟದ ತಟ್ಟೆಯಷ್ಟಗಲ ಗಾಜಿನ ಮುಖ ಹೊತ್ತಿದ್ದ ಆ ಮೀಟರಿನ ಕೆಲಸ, ಹೊರಗಿನ ಲೈನಿನಲ್ಲಿ ವೋಲ್ಟೇಜು ಎಷ್ಟಿದೆ ಎಂದು ಹೇಳುವುದು. ಅರವತ್ತಾರು, ಅಂದರೆ ಅರವತ್ತಾರು ಸಾವಿರ ವೋಲ್ಟು, ಇದ್ದರೆ ಎಲ್ಲ ಸರಿ. ಅದರಿಂದ ಇಳಿದಷ್ಟೂ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ದೀಪಗಳು ಮಂಕು. ಎಲ್ಲಿಯೋ ಸಮುದ್ರದಾಚೆ ಹುಟ್ಟಿ ಬಂದ ಮೀಟರು ಇಪ್ಪತ್ತೈದು ವರ್ಷದ ಸೇವೆಯಲ್ಲಿ ಸರ್ಕಾರಿ ನೌಕರನ ಸ್ವಭಾವವನ್ನು ಪೂರ್ತಿ ಮೈಗೂಡಿಸಿಕೊಂಡಿತ್ತು: ಯಾರಾದರೂ ಬಂದು ತಟ್ಟುವವರೆಗೆ ಅದರ ಮುಳ್ಳು ಇದ್ದಲ್ಲಿಂದ ಕದಲುತ್ತಿರಲಿಲ್ಲ. ತಟ್ಟಿದರೆ ಮಾತ್ರ ಬೆಚ್ಚಿ ಎದ್ದು, ಎರಡು ಸಲ ತೂಗಾಡಿ, ನಿಜವಾದ ಅಂಕಿಯ ಮೇಲೆ ಹೋಗಿ ನಿಲ್ಲುತ್ತಿತ್ತು. ಗಂಟೆಗೊಮ್ಮೆ ತಟ್ಟುವುದು, ಓದುವುದು, ಲಾಗ್ ಷೀಟಿನಲ್ಲಿ ಬರೆಯುವುದು, ಫೋನಿನಲ್ಲಿ ಬೆಂಗಳೂರಿಗೆ ಒಪ್ಪಿಸುವುದು. ಏಳು ವರ್ಷದ ಹಿಂದೆ ಈ ವಿದ್ಯೆ ಕಲಿಸಿದ ಮುದಿ ಆಪರೇಟರು "ಜೋರಾಗಿ ಬ್ಯಾಡ ಕಣಪ್ಪ, ಬಾಗ್ಲು ತಟ್ಟಿದಂಗೆ ತಟ್ಟು" ಎಂದಿದ್ದ. ಇಪ್ಪತ್ತಮೂರು ವರ್ಷದ ಚಲುವಯ್ಯ ಅಲ್ಲಿಯವರೆಗೆ ಯಾರ ಮನೆಯ ಬಾಗಿಲನ್ನೂ ತಟ್ಟಿದವನಲ್ಲ. ಅವನ ಕೇರಿಯಲ್ಲಿ ತಟ್ಟುವ ಅಗತ್ಯವಿರಲಿಲ್ಲ, ಕೆಮ್ಮಿದರೆ ಸಾಕಿತ್ತು. ಊರೊಳಗಿನ ಮನೆಗಳಲ್ಲಿ ತಟ್ಟುವಷ್ಟು ಹತ್ತಿರ ಹೋಗುವಂತಿರಲಿಲ್ಲ. ಅಪ್ಪ ಗಂಗಯ್ಯ, ಊರಿನ ಜಮೀನುದಾರ ತಿಮ್ಮಪ್ಪನವರ ಮನೆಯ ಅಂಗಳದಾಚೆ ಕಲ್ಲುಕಂಬದ ಪಕ್ಕ ನಿಂತು, ಹೆಗಲ ಮೇಲಿನ ಟವಲನ್ನು ಕಂಕುಳಿಗೆ ಇಳಿಸಿ, "ಬುದ್ಧೀ" ಎಂದು ಕೂಗುತ್ತಿದ್ದ. ಒಳಗಿನಿಂದ ಉತ್ತರ ಬರುವುದಕ್ಕೆ ಒಮ್ಮೊಮ್ಮೆ ಅರ್ಧ ಹಗಲಾಗುತ್ತಿತ್ತು. ಇಲ್ಲಿ, ಈ ಗಾಜಿಗೆ ಉಂಗುರಬೆರಳಿನ ಗೆಣ್ಣಿನಿಂದ ಎರಡು ಸಲ ಮೆಲ್ಲಗೆ ತಟ್ಟಿದರೆ ಒಳಗಿರುವವರು ಆ ಗಳಿಗೆಯಲ್ಲೇ ಎದ್ದು ಬಂದು ನಿಜ ಹೇಳುತ್ತಿದ್ದರು. ಮೊದಲ ವಾರ ಚಲುವಯ್ಯ ಬೇಕಾದ್ದಕ್ಕಿಂತ ಹೆಚ್ಚು ಸಲ ತಟ್ಟಿದ್ದ, ಸುಮ್ಮನೆ.

ಆ ತಿಮ್ಮಪ್ಪನವರ ಮೊಮ್ಮಗ ದೇವರಾಜು ಈಗ ಇದೇ ಸ್ಟೇಷನ್ನಿನ ಮಧ್ಯಾಹ್ನದ ಪಾಳಿಯ ಆಪರೇಟರು. ಪಾಳಿಗಳು ವಾರಕ್ಕೊಮ್ಮೆ ಬದಲಾಗಬೇಕೆಂಬುದು ನಿಯಮ. ಆದರೆ ದೇವರಾಜುವಿಗೆ ಬೆಳಿಗ್ಗೆ ಹೊಳೆನರಸೀಪುರದ ರಸ್ತೆಯ ಊರಿನಲ್ಲಿ ಗದ್ದೆಯ ಕೆಲಸ, ರಾತ್ರಿ ಪಾಳಿಯ ದೊಡ್ಡಯ್ಯನಿಗೆ ಹಗಲು ನಿದ್ದೆಯ ಅಭ್ಯಾಸ, ಚಲುವಯ್ಯನಿಗೆ ಆಗುವುದಿಲ್ಲ ಎನ್ನಲು ಬಾರದ ನಾಲಿಗೆ. ಹೀಗಾಗಿ ಎರಡು ವರ್ಷದಿಂದ ಆರರಿಂದ ಎರಡರವರೆಗೆ ಚಲುವಯ್ಯ, ಎರಡರಿಂದ ಹತ್ತರವರೆಗೆ ದೇವರಾಜು. ದೇವರಾಜು ಬಂದ ಎರಡನೆಯ ದಿನವೇ ಚಲುವಯ್ಯನ ಕಣ್ಣಿಗೆ ಅದು ಬಿದ್ದಿತ್ತು. ಎರಡು ಹೊಡೆಯಿತು, ದೇವರಾಜು ಫಲಕದಿಂದ ಒಂದು ಗಜ ದೂರ ನಿಂತು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ, ಕತ್ತನ್ನು ಮಾತ್ರ ಮುಂದಕ್ಕೆ ಚಾಚಿ, ಮುಳ್ಳು ಇದ್ದಲ್ಲಿಂದಲೇ ಓದಿ ಬರೆದುಕೊಂಡ. ತಟ್ಟಲಿಲ್ಲ. ಮಾರನೆಯ ದಿನವೂ ಇಲ್ಲ. ನಾನು ಮುಟ್ಟಿದ್ದಲ್ಲವೇ, ಎಂದು ಚಲುವಯ್ಯ ಅಂದುಕೊಂಡ. ಆ ತೀರ್ಮಾನಕ್ಕೆ ಅವನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಅಂಥ ತೀರ್ಮಾನಗಳ ಸಿದ್ಧತೆ ಅವನ ಕಡೆ ಮೂರು ತಲೆಮಾರಿನಿಂದ ನಡೆದಿತ್ತು. ಜೊತೆಗೆ ಸಾಕ್ಷಿಯೂ ಇತ್ತು: ಸ್ಟೇಷನ್ನಿನ ಹೂಜಿಗೆ ಬೆಳಿಗ್ಗೆ ನೀರು ತುಂಬುವವನು ಚಲುವಯ್ಯ, ದೇವರಾಜು ಮಾತ್ರ ಮನೆಯಿಂದ ಮುಚ್ಚಳದ ಹಿತ್ತಾಳೆ ಚೊಂಬಿನಲ್ಲಿ ನೀರು ತರುತ್ತಿದ್ದ. ಕೇಳಿಬಿಡಬಹುದಿತ್ತು. ಕೇಳಿದರೆ ಉತ್ತರ ಬರುತ್ತದೆ, ಬಂದ ಮೇಲೆ ದಿನಾ ಎರಡು ಗಂಟೆಗೆ ಅದೇ ಮನುಷ್ಯನಿಗೆ ಅದೇ ಪೆನ್ನು ಕೊಟ್ಟು ಹೋಗಬೇಕು. ಅದಕ್ಕಾಗಿ ಕೇಳಲಿಲ್ಲ. ಕೇಳದೆ ಇರುವುದನ್ನು ಅವನು ಎಷ್ಟು ನಾಜೂಕಾಗಿ ಮಾಡಿದನೆಂದರೆ, ಎರಡು ವರ್ಷದಲ್ಲಿ ದೇವರಾಜುವನ್ನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. "ಟೀ ಬಂತು." "ಫೋನು ಕೆಟ್ಟದೆ." "ಎರಡಾಯ್ತು." ಇಷ್ಟರಲ್ಲೇ ಅವರ ಲೋಕವ್ಯವಹಾರ ಸುಗಮವಾಗಿ ಸಾಗುತ್ತಿತ್ತು. ಚಲುವಯ್ಯ ಒಂದು ಗಂಟೆಗೆ ತಟ್ಟಿ ಬಿಟ್ಟ ಮುಳ್ಳು, ರಾತ್ರಿ ಹತ್ತಕ್ಕೆ ದೊಡ್ಡಯ್ಯ ಬಂದು ಕನ್ನಡಕದ ಡಬ್ಬಿಯಿಂದ ಕುಟ್ಟುವವರೆಗೆ ಅಲ್ಲೇ ನಿದ್ದೆ ಮಾಡುತ್ತಿತ್ತು ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿರುವುದು ಚಪ್ಪಲಿಯೊಳಗಿನ ಒಂದು ಸಣ್ಣ ಕಲ್ಲಿನ ಹಾಗೆ, ನಡೆದಾಗ ಮಾತ್ರ ಚುಚ್ಚುತ್ತಿತ್ತು.

ಇವತ್ತು ಬೆಳಿಗ್ಗೆ ಮನೆ ಬಿಡುವಾಗಲೂ ಚುಚ್ಚಿತ್ತು. ಅವ್ವ ಬೆಟ್ಟಮ್ಮ ರೊಟ್ಟಿ ಕಟ್ಟಿಕೊಡುತ್ತ, ತಲೆಯ ಮೇಲೆ ಆರಿ ನೇತಾಡುತ್ತಿದ್ದ ಬಲ್ಬನ್ನು ಸೌಟಿನಿಂದ ತೋರಿಸಿದ್ದಳು. "ಅಲ್ಲ ಕಣ್ಲಾ, ಸಂಜೆ ಆದ್ರೆ ಇದು ನೋವು ಬಂದ ಕಣ್ಣಿನಂಗೆ ಕೆಂಪಗಾಯ್ತದೆ. ಸೊಪ್ಪು ಸೋಸೋಕೆ ನಾನು ಬುಡ್ಡಿ ಅಚ್ಕಬೇಕು. ಮಗ ಕರೆಂಟಾಫೀಸಲ್ಲವ್ನೆ ಅಂತ ಊರಿಗೆಲ್ಲ ಏಳ್ಕಂಡು ತಿರುಗ್ತೀನಿ, ನಗ್ತಾರೆ ಜನ."

"ಸಂಜೆ ನಾನಿರಲ್ಲ ಕಣವ್ವ. ತಿಮ್ಮಪ್ನೋರ ಮೊಮ್ಮಗ ಇರ್ತಾನೆ."

"ಅವನ್ಗೇಳು ಮತ್ತೆ."

"ಏಳ್ತೀನಿ."

"ಎಲ್ಡು ವರ್ಸದಿಂದ ಏಳ್ತೀಯ," ಎಂದು ಬೆಟ್ಟಮ್ಮ ಒಲೆಯ ಕಡೆ ತಿರುಗಿದ್ದಳು.

ಯೋಜನಾ ಇಂಜಿನಿಯರ್ ಚನ್ನಬಸವಯ್ಯನವರು ಹನ್ನೊಂದೂಕಾಲಿಗೆ ಜೀಪಿನಿಂದ ಇಳಿದರು. ಪರಮಶಿವಯ್ಯನವರು ಆಳೆತ್ತರದ ಅಧಿಕಾರಿಯನ್ನು ನಿರೀಕ್ಷಿಸಿ ಹಾರವನ್ನು ಎತ್ತರಕ್ಕೆ ಹಿಡಿದು ನಿಂತಿದ್ದರು. ಬಂದವರು ಪ್ರಾಥಮಿಕ ಶಾಲೆಯ ಮೇಷ್ಟರಂತೆ ಪುಟ್ಟಗಿದ್ದು, ಹಾರದ ಕೆಳಗಿನಿಂದಲೇ ನುಸುಳಿ ಒಳಗೆ ಬಂದುಬಿಟ್ಟರು. ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡ ಕಾಗದ. ಅದನ್ನು ಟೇಬಲ್ಲಿನ ಮೇಲೆ ಬಿಚ್ಚಿ, ನಾಲ್ಕು ಮೂಲೆಗೆ ಮಸಿಕುಡಿಕೆ, ಟಾರ್ಚು, ಚಲುವಯ್ಯನ ರೊಟ್ಟಿಯ ಡಬ್ಬಿ ಮತ್ತು ಪರಮಶಿವಯ್ಯನವರ ಕೈ ಇಟ್ಟು, ಮದುವೆಗೆ ಹೆಣ್ಣು ತೋರಿಸುವವರ ಸಂಭ್ರಮದಲ್ಲಿ ಮಾತಾಡತೊಡಗಿದರು. ಒಂದೊಂದು ರಾಜ್ಯದ ತಂತಿಯನ್ನೂ ಪಕ್ಕದ ರಾಜ್ಯದ ತಂತಿಗೆ ಕೂಡಿಸಿ ಕೊನೆಗೆ ಇಡೀ ದೇಶವನ್ನು ಒಂದೇ ಬಲೆಯಾಗಿ ಹೆಣೆಯುವುದಿದೆ. ಬಲೆಯ ಯಾವ ಗಂಟಿನಲ್ಲಿ ಯಾವ ಗಳಿಗೆಯಲ್ಲಿ ಏನಾಗುತ್ತಿದೆ ಎಂದು ಒಂದು ಕೋಣೆಯಲ್ಲಿ ಕೂತು ನೋಡುವಂತಾಗಬೇಕು. ಅದಕ್ಕೆ ತಾವೇ ಬರೆದುಕೊಳ್ಳುವ, ತಾವೇ ಬೆಂಗಳೂರಿಗೆ ಸುದ್ದಿ ಮುಟ್ಟಿಸುವ ಹೊಸ ಮೀಟರುಗಳು, ವೋಲ್ಟೇಜು ಎತ್ತಿ ಹಿಡಿಯುವ ಯಂತ್ರಗಳು ಬರಲಿವೆ. ಎಲ್ಲ ಕಡೆಗೂ ಸಾಲುವಷ್ಟು ಬರುವುದಿಲ್ಲ. ಆದ್ದರಿಂದ ಮೂರು ಪಟ್ಟಿ: ಮೊದಲನೆಯದಕ್ಕೆ ಈ ವರ್ಷ, ಎರಡನೆಯದಕ್ಕೆ ಮುಂದಿನ ಯೋಜನೆಯಲ್ಲಿ, ಮೂರನೆಯದಕ್ಕೆ ಯೋಚನೆ ಮಾಡೋಣ.

"ಹಾಸನ ಮೂರನೇ ಪಟ್ಟಿ," ಎಂದರು ಚನ್ನಬಸವಯ್ಯನವರು ಅಭಿನಂದಿಸುವ ದನಿಯಲ್ಲಿ. "ಯಾಕೆ ಹೇಳಿ? ಇಲ್ಲಿ ನೋಡಿ. ಇಡೀ ರಾಜ್ಯದಲ್ಲಿ ಸಂಜೆ ಆರಾಯ್ತು ಅಂದ್ರೆ ವೋಲ್ಟೇಜು ಮಕಾಡೆ ಮಲಗುತ್ತೆ. ನಿಮ್ಮದು? ಬೆಳಿಗ್ಗೆ ಎಲ್ಲರ ಹಾಗೆ ಏರುತ್ತೆ, ಇಳಿಯುತ್ತೆ. ಮಧ್ಯಾಹ್ನ ಎರಡು ಗಂಟೆ ಆಗಲಿ, ಅಲ್ಲಿಂದ ರಾತ್ರಿ ಹತ್ತರವರೆಗೆ ಒಂದು ಗೆರೆ. ಅಳತೆಕೋಲು ಇಟ್ಟು ಎಳೆದ ಹಾಗೆ! ಇಪ್ಪತ್ತು ವರ್ಷದ ಸರ್ವೀಸಲ್ಲಿ ಇಂಥ ಗೆರೆ ನಾನು ನೋಡಿಲ್ಲ ಕಣ್ರೀ. ನಮ್ಮ ಆಫೀಸಲ್ಲಿ ಇದಕ್ಕೆ ಹಾಸನದ ಗೆರೆ ಅಂತಲೇ ಹೆಸರು. ಎರಡು ಗಂಟೆ ಮೇಲೆ ಏನು ಮಾಡ್ತೀರಿ ನೀವು ಇಲ್ಲಿ? ಅದನ್ನ ಕಲಿತುಕೊಂಡು ಹೋಗೋಣ ಅಂತಲೇ ಬಂದೆ."

ಪರಮಶಿವಯ್ಯನವರು, ಹೆಸರಿಲ್ಲದ ಸಾಧನೆಯೊಂದು ತಾನಾಗಿ ಬಂದು ತಮ್ಮ ಹೆಗಲೇರಿದ್ದನ್ನು ಕಂಡು, ಕಾಗದದ ಮೇಲಿನ ಕೈ ತೆಗೆಯದೆ, "ಸ್ವಲ್ಪ ಶಿಸ್ತು ಇಟ್ಕೊಂಡಿದೀವಿ ಸಾರ್" ಎಂದರು. ಚಲುವಯ್ಯ ಆ ಗೆರೆಯನ್ನೇ ನೋಡುತ್ತಿದ್ದ. ಹಸಿರು ಚೌಕಗಳ ಮೇಲೆ ಕೆಂಪು ಶಾಯಿ. ಎರಡು ವರ್ಷ ತಾನೂ ದೇವರಾಜುವೂ ಆಡದ ಮಾತನ್ನು ಬೆಂಗಳೂರಿನಲ್ಲಿ ಯಾರೋ ಇಷ್ಟು ಶ್ರದ್ಧೆಯಿಂದ, ಇಷ್ಟು ಅಂದವಾಗಿ ಎಳೆದು ಇಟ್ಟಿದ್ದಾರಲ್ಲ ಎಂದು ಅವನಿಗೆ ನಗು ಬಂತು. ನಗು ಗಂಟಲಿಗೆ ಬಂದದ್ದೇ ಹೆದರಿಕೆಯಾಯಿತು. ಹಾಸನ ಮೂರನೆಯ ಪಟ್ಟಿ ಎಂದರೆ ಹಾಸನಕ್ಕೆ ಜೋತುಬಿದ್ದ ಮೂರು ತಾಲೂಕೂ ಮೂರನೆಯ ಪಟ್ಟಿ. ಅವ್ವನ ಬಲ್ಬು ಇನ್ನು ಹತ್ತು ವರ್ಷ ನೋವು ಬಂದ ಕಣ್ಣಾಗಿಯೇ ಇರುತ್ತದೆ. ಮತ್ತೆ ನಿಜ ಹೇಳಿದರೆ? ಸುಳ್ಳು ಬರೆದವನು ದೇವರಾಜು ಅಲ್ಲ, ಅವನು ಮುಳ್ಳು ತೋರಿಸಿದ್ದನ್ನು ಬರೆದ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನು ಯಾರು ಎಂದು ಕೇಳುತ್ತಾರೆ. ಯಾಕೆ ಮುಚ್ಚಿಕೊಂಡೆ ಎಂದೂ ಕೇಳುತ್ತಾರೆ. ಅದಕ್ಕೆ ಈ ಹಸಿರು ಕಾಗದದಲ್ಲಿ ಯಾವ ಚೌಕವಿದೆ?

ಹನ್ನೆರಡು ಹೊಡೆಯಿತು. ಮೂವರೂ ಫಲಕದ ಕಡೆ ತಿರುಗಿದರು. ಚಲುವಯ್ಯನ ಕೈ ಅಭ್ಯಾಸಬಲದಿಂದ ಎದ್ದು ಗಾಜಿನ ಹತ್ತಿರ ಹೋಯಿತು, ಪರಮಶಿವಯ್ಯನವರು ಕೆಮ್ಮಿದರು, ಕೈ ದಾರಿಯಲ್ಲೇ ಮನಸ್ಸು ಬದಲಿಸಿ ಕಿವಿ ತುರಿಸಿಕೊಂಡು ಹಿಂದಕ್ಕೆ ಬಂತು. ಹನ್ನೊಂದಕ್ಕೆ ತಟ್ಟಿದಾಗ ಅರವತ್ತಮೂರು, ಈಗಲೂ ಅರವತ್ತಮೂರು. ಅವನು ಬರೆದ. ಏಳು ವರ್ಷದಲ್ಲಿ ತನ್ನ ಕೈಯಾರೆ ಬರೆದ ಮೊದಲ ಸುಳ್ಳು, ಅಕ್ಷರ ಮಾತ್ರ ಎಂದಿಗಿಂತ ದುಂಡಗೆ ಬಂದಿತ್ತು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅರಕಲಗೂಡಿನ ಆಪರೇಟರು ತಮ್ಮಯ್ಯ. ಫೋನಿನಲ್ಲಿ ಮಾತಾಡುವಾಗ ಅರಕಲಗೂಡಿನಿಂದ ಹಾಸನದವರೆಗೆ ತಂತಿಯಿಲ್ಲದೆಯೂ ಕೇಳಲಿ ಎಂಬ ಹಾಗೆ ಕೂಗುವುದು ಅವನ ಪದ್ಧತಿ.

"ಚಲುವಣ್ಣ, ದೊಡ್ ಸಾಯೇಬ್ರು ಬಂದವ್ರಂತಲ್ಲ? ಏಳಣ್ಣ ವಸಿ! ಸಂಜೆ ಆರಾದ್ರೆ ಇಲ್ಲಿ ಹಿಟ್ಟಿನ ಮಿಷಿನ್ನು ಉಸ್ಸಂತ ಕುಂತ್ಕತದೆ. ಎಂಗಸ್ರು ರಾಗಿ ಮೂಟೆ ಮಡೀಕಂಡು ನನ್ನ ಹೆಂಡ್ರು ಮಕ್ಕಳನ್ನೂ ಸೇರ್ಸಿ ಬೈತಾವ್ರೆ. ನೆನ್ನೆ ಒಬ್ಬ ಮುದುಕಿ, ನಿನ್ ಕರೆಂಟಿಗಿಂತ ನನ್ ಬೀಡಿ ತುದೀನೇ ವಾಸಿ ಕಣೋ ಅಂದ್ಬುಟ್ಲು!"

"ಏಳ್ತೀನಿ," ಎಂದ ಚಲುವಯ್ಯ ಮೆಲ್ಲಗೆ.

ಚನ್ನಬಸವಯ್ಯನವರಿಗೆ ಪೂರ್ತಿ ಕೇಳಿಸಿತ್ತು. "ಪಾಪ, ಅದು ಅವರ ಊರಿನ ತಂತಿ ದೋಷ ಇರಬೇಕು," ಎಂದು ಮರುಕಪಟ್ಟರು. "ಇಲ್ಲಿಂದ ಇಷ್ಟು ಚೆನ್ನಾಗಿ ಹೋಗ್ತಿದೆಯಲ್ಲ."

ಒಂದು ಗಂಟೆಗೆ ಮತ್ತೆ ಅರವತ್ತಮೂರು. ಊಟಕ್ಕೆ ಕರೆದರೂ ಅಧಿಕಾರಿ ಏಳಲಿಲ್ಲ. ಎರಡು ಗಂಟೆಯ ಪವಾಡವನ್ನು ಕಣ್ಣಾರೆ ನೋಡಿಯೇ ಏಳುವುದೆಂದು ಕೂತುಬಿಟ್ಟರು. ಎರಡಕ್ಕೆ ಹತ್ತು ನಿಮಿಷವಿರುವಾಗ ದೇವರಾಜು ಬಂದ. ಇಸ್ತ್ರಿಯ ಅಂಗಿ, ಕೈಯಲ್ಲಿ ಚೊಂಬು, ಸೈಕಲ್ಲು ತುಳಿದ ಬೆವರು. ಬಾಗಿಲಲ್ಲೇ ಪರಮಶಿವಯ್ಯನವರು ಅವನ ಭುಜ ಹಿಡಿದು, "ಇವನೇ ಸಾರ್" ಎಂದು ಮುಂದಕ್ಕೆ ತಳ್ಳಿದರು. ಕಳ್ಳತನವೇನಾದರೂ ಆಗಿದೆಯೋ ಎಂದು ದೇವರಾಜುವಿನ ಮುಖ ಬಿಳಿಚಿಕೊಂಡಿತು. ಗಡಿಯಾರ ಎರಡು ಹೊಡೆಯಿತು. ಅವನು ಚೊಂಬನ್ನು ಕಿಟಕಿಯಲ್ಲಿಟ್ಟು, ಫಲಕದಿಂದ ಒಂದು ಗಜ ದೂರ ನಿಂತು, ಕೈ ಹಿಂದೆ ಕಟ್ಟಿ, ಕತ್ತು ಚಾಚಿ ನೋಡಿ, "ಅರವತ್ತಮೂರು" ಎಂದ. ಚನ್ನಬಸವಯ್ಯನವರು ಹಸಿರು ಕಾಗದದಲ್ಲಿ ಒಂದು ಚುಕ್ಕೆ ಇಟ್ಟರು. ಚಲುವಯ್ಯನ ಎರಡು ಚುಕ್ಕೆಗಳ ಪಕ್ಕಕ್ಕೆ ಅದು ಅಚ್ಚುಕಟ್ಟಾಗಿ ಕೂತಿತು. ಚಲುವಯ್ಯ ಪೆನ್ನನ್ನು ಟೇಬಲ್ಲಿನ ಮೇಲಿಟ್ಟು "ಎರಡಾಯ್ತು" ಎಂದು, ಡಬ್ಬಿ ತೆಗೆದುಕೊಂಡು ಹೊರಗೆ ಬಂದ.

ಹೊರಗೆ ಮಾಘದ ಬಿಸಿಲು ಹಿತವಾಗಿತ್ತು. ಟ್ರಾನ್ಸ್‌ಫಾರ್ಮರುಗಳು ತಮ್ಮ ಪಾಡಿಗೆ ಗುಂಯ್‌ಗುಡುತ್ತಿದ್ದವು. ಸೈಕಲ್ಲಿನ ಬೀಗ ತೆಗೆದ. ಹಾಸನಕ್ಕೆ ಬಂದ ಹೊಸದರಲ್ಲಿ ಬಾಡಿಗೆ ಮನೆ ಹುಡುಕಿ ಒಂದು ಬಾಗಿಲಿಗೆ ಹೋಗಿದ್ದ. ಮೀಟರಿನ ಮೇಲೆ ಕಲಿತ ವಿದ್ಯೆ: ಎರಡು ಸಲ, ಮೆಲ್ಲಗೆ. ಒಳಗಿನಿಂದ ಹೆಂಗಸೊಬ್ಬಳು "ಯಾರು?" ಎಂದಳು. "ಚಲುವಯ್ಯ ಅಂತ." "ಅಲ್ಲ, ಯಾವ ಜನ?" ಅವನು "ಕರೆಂಟಾಫೀಸಿನವರು" ಎಂದುಬಿಟ್ಟಿದ್ದ. ಆಕೆ ಓಡಿಬಂದು ಬಾಗಿಲು ತೆರೆದು, "ಬನ್ನಿ ಬನ್ನಿ, ಮೂರು ದಿನ ಆಯ್ತು ಫ್ಯೂಜು ಹೋಗಿ" ಎಂದಳು. ಸರಿ, ಫ್ಯೂಜು ಹಾಕಿಕೊಟ್ಟು ಬಂದಿದ್ದ. ಮನೆ ಕೇಳಲಿಲ್ಲ. ಅದನ್ನು ನೆನೆದು ಈಗ ಒಬ್ಬನೇ ನಕ್ಕ. ಕೇಳಲಿಲ್ಲ, ಕೇಳಲಿಲ್ಲ, ಎಲ್ಲಿ ಹೋದರೂ ಕೇಳಲಿಲ್ಲ. ತಾನೂ ಆ ಮೀಟರಿನ ಜಾತಿಯೇ, ಯಾರಾದರೂ ತಟ್ಟುವವರೆಗೆ ಹೇಳುವುದಿಲ್ಲ. ಸೈಕಲ್ಲಿಗೆ ಮತ್ತೆ ಬೀಗ ಹಾಕಿದ. ಬೀಗ ಹಾಕಿದ ಮೇಲೆ ಒಳಗೆ ಹೋಗದೆ ಬೇರೆ ದಾರಿ ಇರಲಿಲ್ಲ.

ಒಳಗೆ ಚನ್ನಬಸವಯ್ಯನವರು ಕಾಗದ ಸುತ್ತುತ್ತಿದ್ದರು. ಚಲುವಯ್ಯ ಯಾರನ್ನೂ ನೋಡದೆ ನೆಟ್ಟಗೆ ಫಲಕದ ಹತ್ತಿರ ಹೋಗಿ, ಗಾಜಿಗೆ ಗೆಣ್ಣಿನಿಂದ ತಟ್ಟಿದ. ಎರಡು ಸಲ. ಎಂದಿಗಿಂತ ಸ್ವಲ್ಪ ಜೋರಾಗಿಯೇ. ಮುಳ್ಳು ಬೆಚ್ಚಿತು, ತೂಗಾಡಿತು, ಅರವತ್ತೆರಡು ದಾಟಿತು, ಅರವತ್ತೊಂದು ದಾಟಿತು, ಐವತ್ತೊಂಬತ್ತಕ್ಕೆ ಹೋಗಿ ಕೂತಿತು.

"ನಿಜವಾದ್ದು ಇದು ಸಾ," ಎಂದ ಚಲುವಯ್ಯ. "ತಟ್ಟದಿದ್ರೆ ಹೇಳಲ್ಲ. ನಾನು ತಟ್ತೀನಿ, ರಾತ್ರಿ ದೊಡ್ಡಯ್ಯ ತಟ್ತಾನೆ. ಎರಡರಿಂದ ಹತ್ತರವರೆಗೆ ಯಾರೂ ತಟ್ಟಲ್ಲ. ನಿಮ್ಮ ಗೆರೆ ಅದೇ." ಆಮೇಲೆ, ಎರಡು ವರ್ಷದಲ್ಲಿ ಮೊದಲ ಸಲ ಆ ಮುಖದ ಕಡೆ ತಿರುಗಿ, ನಾಲಿಗೆ ತಡವರಿಸುತ್ತಿದ್ದರೂ ಹೆಸರು ಹಿಡಿದು ಕೇಳಿಯೇಬಿಟ್ಟ. "ದೇವರಾಜು, ಯಾಕ್ರೀ ತಟ್ಟಲ್ಲ ನೀವು? ನಾನು ತಟ್ಟಿದ್ದನ್ನ?"

ದೇವರಾಜುವಿನ ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು. ಅವನು ಪರಮಶಿವಯ್ಯನವರನ್ನು ನೋಡಿದ, ಅಧಿಕಾರಿಯನ್ನು ನೋಡಿದ, ಕೊನೆಗೆ ನೆಲವನ್ನು ನೋಡಿದ.

"ಶಾಕ್ ಒಡದ್ರೆ?" ಎಂದ.

"ಏನು?" ಎಂದ ಚಲುವಯ್ಯ.

"ಶಾಕ್ ಕಣ್ರೀ! ನಮ್ಮೆತ್ತು ಕಂಬದ ತಂತಿಗೆ ಸಿಕ್ಕಿ ಕಣ್ಮುಂದೆ ಧಡ್ಡಂತ ಬಿತ್ತು. ಅವತ್ತಿಂದ ಸ್ವಿಚ್ಚು ಸೈತ ನಮ್ಮನೇಲಿ ತಂಗೀನೇ ಆಕೋದು. ಇಲ್ಲಿ ಅರವತ್ತಾರು ಸಾವಿರ ಅಂತಾರೆ, ನಾನೆಲ್ಲಿ ಮುಟ್ಲಿ?"

"ಮತ್ತೆ ಈ ಇಲಾಖೆಗೆ ಯಾಕಪ್ಪ ಸೇರಿದೆ?" ಚನ್ನಬಸವಯ್ಯನವರ ದನಿ ಆಗಲೇ ಅಲುಗಾಡುತ್ತಿತ್ತು.

"ನಮ್ತಾತ ಸೇರಿಸ್ಬುಟ್ರು ಸಾ." ಅವನು ಚಲುವಯ್ಯನ ಕಡೆ ತಿರುಗಿದ. "ನೀವು ತಟ್ಟೋದು ನೋಡಿದ್ದೆ ಚಲುವಯ್ನೋರೆ. ನಿಮ್ಮ ಕೈಗುಣ ಇರಬೇಕು, ಅದಕ್ಕೆ ಒಡೆಯಲ್ಲ ಅಂದ್ಕಂಡೆ. ಕೇಳಾನ ಅಂದ್ರೆ ನೀವೋ, ಟೀ ಬಂತು, ಎರಡಾಯ್ತು, ಅಷ್ಟೇಯ. ಏನಪ್ಪ ಈ ಮನ್ಸನಿಗೆ ಇಷ್ಟು ಗತ್ತು ಅಂದ್ಕಂಡು ಸುಮ್ಕಾದೆ."

ಚನ್ನಬಸವಯ್ಯನವರು ಸ್ಟೂಲಿನ ಮೇಲೆ ಕುಸಿದು ಕೂತರು. ಅವರ ನಗು ಮೊದಲು ಭುಜದಲ್ಲಿ ಶುರುವಾಗಿ, ಆಮೇಲೆ ಹೊಟ್ಟೆಗಿಳಿದು, ಕೊನೆಗೆ ಕನ್ನಡಕ ತೆಗೆದು ಒರೆಸಿಕೊಳ್ಳುವಂತಾಯಿತು. "ಹಾಸನದ ಗೆರೆ!" ಎಂದರು. "ಡೆಲ್ಲಿಗೆ ಪೇಪರ್ ಬರೆದಿದೀನ್ರೀ ನಾನು, ಹಾಸನದ ಗೆರೆ ಅಂತ!" ಎದ್ದು ಹೋಗಿ ತಾವೂ ಒಂದು ಸಲ ಗಾಜು ತಟ್ಟಿ ನೋಡಿದರು. ಮುಳ್ಳು ಕುಣಿಯಿತು. ಇನ್ನೊಮ್ಮೆ ತಟ್ಟಿದರು. ಪರಮಶಿವಯ್ಯನವರು ತಮ್ಮ ಪೆನ್ಷನ್ನು ಅಲ್ಲಿಯೇ ಕುಣಿಯುತ್ತಿದೆ ಎಂಬಂತೆ ಅದನ್ನು ನೋಡುತ್ತಿದ್ದರು. ನಗು ನೆತ್ತಿಗೇರಿ ಅಧಿಕಾರಿಗೆ ಕೆಮ್ಮು ಬಂತು, ನೀರು ಎಂದರು, ಚಲುವಯ್ಯ ಹೂಜಿಯಿಂದ ಬಗ್ಗಿಸಿ ಕೊಟ್ಟ, ಅವರು ಗಟಗಟ ಕುಡಿದರು.

"ಬನ್ನಿ," ಎಂದ ಚಲುವಯ್ಯ ದೇವರಾಜುವಿಗೆ. "ಒಂದು ಬೆರಳು ಸಾಕು. ಬಾಗ್ಲು ತಟ್ಟಿದಂಗೆ." ದೇವರಾಜು ಬೆನ್ನ ಹಿಂದಿನ ಗಂಟು ಬಿಚ್ಚಿ, ಬಲಗೈ ಚಾಚಿ, ಅರ್ಧದಾರಿಯಲ್ಲಿ ನಿಲ್ಲಿಸಿ, "ನೀವು ಪಕ್ಕದಲ್ಲೇ ಇರಿ" ಎಂದ. ಚಲುವಯ್ಯ ಪಕ್ಕದಲ್ಲೇ ನಿಂತ. ತಿಮ್ಮಪ್ಪನವರ ಮೊಮ್ಮಗ ಕಣ್ಣು ಗಟ್ಟಿಯಾಗಿ ಮುಚ್ಚಿ ಗಾಜನ್ನು ತಟ್ಟಿದ. ಏನೂ ಆಗಲಿಲ್ಲ. ಕಣ್ಣು ಬಿಟ್ಟು, ಬದುಕಿದ್ದೇನೆಂದು ತಿಳಿದು, ಬೆರಳನ್ನು ಒಂದು ಗಳಿಗೆ ತಿರುಗಿಸಿ ನೋಡಿಕೊಂಡ. ಕಿಟಕಿಯಲ್ಲಿದ್ದ ಹಿತ್ತಾಳೆ ಚೊಂಬಿನ ಮೇಲೆ ಚಲುವಯ್ಯನ ಕಣ್ಣು ಹೋಯಿತು. ಅದರ ವಿಷಯವನ್ನೂ ಕೇಳಬಹುದಿತ್ತು. ದಿನಕ್ಕೊಂದು ಪ್ರಶ್ನೆ ಸಾಕು ಅನ್ನಿಸಿತು. ಅಧಿಕಾರಿ ಆಗಲೇ ಪೆನ್ನು ತೆಗೆದು, ಮೂರನೆಯ ಪಟ್ಟಿಯ ಹಾಳೆಯಲ್ಲಿ ಏನನ್ನೋ ಹೊಡೆದುಹಾಕುತ್ತಿದ್ದರು.

ಮಾರ್ಚಿನಲ್ಲಿ, ಸರ್ಕಾರದ ಉಪಕರಣವನ್ನು ಏಳು ವರ್ಷ ಕಾಲ ಕೈಯಿಂದ ಹೊಡೆದದ್ದೇಕೆ ಎಂದು ವಿವರಣೆ ಕೇಳಿ ಚಲುವಯ್ಯನಿಗೆ ಮೆಮೊ ಬಂತು. ಅವನು ಒಂದೂವರೆ ಪುಟದ ಉತ್ತರ ಬರೆದ. ಆಗಸ್ಟಿನಲ್ಲಿ ಹೊಸ ಮೀಟರು ಬಂತು. ಅದನ್ನು ತಟ್ಟಬೇಕಾಗಿಲ್ಲ.